1834ರ ಕೊಡಗು ಹೇಗೆ ಕೇಳಿಸುತ್ತಿತ್ತು? ಹಿನ್ನೆಲೆ ಸಂಗೀತದಿಂದ ಚರಿತ್ರೆ ಕಲಿಸುವ ಬಗೆ

ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ದೊರೆಯನ್ನು ಇಳಿಸಿದ 1834ರ ಮಡಿಕೇರಿಯ ಮೇಲೆ ಕಿರುಚಿತ್ರ ಮಾಡಲು ಹೊರಟ ಕಾಲೇಜು ವಿದ್ಯಾರ್ಥಿಗಳಿಗೆ ಕೋಟೆಯೊಳಗೆ ಕ್ಯಾಮೆರಾ ಇಡಲು ಜಾಗ ಸಿಗುವುದೇ ಕಷ್ಟ. ಅರಮನೆಯನ್ನು ಕೊಡಗಿನ ದೊರೆ ಲಿಂಗರಾಜೇಂದ್ರ ಕಟ್ಟಿಸಿದ್ದು 1812ರಿಂದ 1814ರ ನಡುವೆ. ಅದರಿಂದ ತೊಂದರೆಯಿಲ್ಲ. ಆದರೆ ಗಡಿಯಾರದ ಗೋಪುರ ಸೇರಿದ್ದು 1933ರಲ್ಲಿ, ಕಮಿಷನರ ಕಾರು ನಿಲ್ಲಲು ಕಟ್ಟಿದ ಪೋರ್ಟಿಕೊ ಕೂಡ ಆಗಿನದೇ. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದರೆ ಈಗ ವಸ್ತುಸಂಗ್ರಹಾಲಯವಾಗಿರುವ ಇಗರ್ಜಿ ಕಾಣುತ್ತದೆ. ಅದನ್ನು ಬ್ರಿಟಿಷರು 1850ರ ದಶಕದಲ್ಲಿ ಕಟ್ಟಿದರು. ಇನ್ನಷ್ಟು ತಿರುಗಿಸಿದರೆ ವಿದ್ಯುತ್ ತಂತಿ, ನಾಮಫಲಕ, ಪ್ರವಾಸಿಗರ ಸಾಲು. ವಿದ್ಯಾರ್ಥಿಗಳು ಇದನ್ನೆಲ್ಲ ಯಾರೂ ಹೇಳಿಕೊಡದೆಯೇ ಗಮನಿಸುತ್ತಾರೆ. ಗೋಪುರ ಚೌಕಟ್ಟಿನೊಳಗೆ ಇಣುಕಿದರೆ ಶಾಟ್ ರದ್ದು, ಪಾತ್ರಧಾರಿಯ ಕೈಯಲ್ಲಿ ವಾಚು ಉಳಿದಿದ್ದರೆ ಮತ್ತೊಮ್ಮೆ ಚಿತ್ರೀಕರಣ.

ಎಡಿಟಿಂಗಿಗೆ ಕುಳಿತಾಗ ಮಾತ್ರ ಇದೇ ಎಚ್ಚರ ಎಲ್ಲಿಗೋ ಹೋಗಿಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ‘ಎಪಿಕ್’ ಎಂಬ ಹೆಸರಿನಡಿ ಉಚಿತವಾಗಿ ಸಿಗುವ ಒಂದು ಟ್ರ್ಯಾಕನ್ನು ತಂದು ಅಂಟಿಸುತ್ತಾರೆ. ಅದರಲ್ಲಿ ಕಂಪ್ಯೂಟರಿನಲ್ಲಿ ಹುಟ್ಟಿದ ದೈತ್ಯ ಡೋಲುಗಳು, ಯಾವ ಭಾಷೆಗೂ ಸೇರದ ಅಕ್ಷರಗಳನ್ನು ಕೂಗುವ ಕೋರಸ್, ಕೆಳಸ್ಥಾಯಿಯಲ್ಲಿ ಗುಡುಗುವ ತಂತಿವಾದ್ಯಗಳು ಇರುತ್ತವೆ. ಗಡಿಯಾರದ ಗೋಪುರಕ್ಕಿಂತ ಎಂಬತ್ತು ವರ್ಷ ಚಿಕ್ಕದಾದ ಈ ಸದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಚರಿತ್ರೆಯ ಪಾಠಕ್ಕೆ ಹಿನ್ನೆಲೆ ಸಂಗೀತವನ್ನು ತರಬೇಕಾದದ್ದು ಇದೇ ಕಾರಣಕ್ಕೆ. ಕಣ್ಣು ಸಾಕ್ಷಿ ಕೇಳುತ್ತದೆ, ಕಿವಿ ಕೇಳದೆ ಒಪ್ಪಿಕೊಳ್ಳುತ್ತದೆ. ಸಿನಿಮಾ ತನ್ನ ಅಭಿಪ್ರಾಯವನ್ನು ನಮ್ಮೊಳಗೆ ಸದ್ದಿಲ್ಲದೆ ಇಳಿಸುವುದು ಸದ್ದಿನ ಮೂಲಕವೇ.

ಪಾಠ ಶುರುಮಾಡಲು ಒಂದು ಸರಳ ಉಪಾಯವಿದೆ. ಯಾವುದೇ ಐತಿಹಾಸಿಕ ದೃಶ್ಯದ ಸಂಗೀತದಲ್ಲಿ ಮೂರು ಕಾಲಗಳು ಒಟ್ಟಿಗೆ ಇರುತ್ತವೆ. ಕಥೆ ನಡೆಯುವ ಕಾಲ ಮೊದಲನೆಯದು, ಸಂಗೀತ ತಯಾರಾದ ಕಾಲ ಎರಡನೆಯದು. ಕುರ್ಚಿಯಲ್ಲಿ ಕುಳಿತು ನೋಡುವವನ ಎದೆಬಡಿತದಲ್ಲಿ ಆ ಕ್ಷಣ ಎಷ್ಟು ಬೇಗ ಅಥವಾ ಎಷ್ಟು ನಿಧಾನ ಸರಿಯುತ್ತದೆ ಎಂಬುದು ಮೂರನೆಯದು. ಈ ಮೂರನ್ನೂ ಬಿಡಿಸಿ ಹೇಳಲು ಬಂದರೆ ಅರ್ಧ ಪಾಠ ಮುಗಿದಂತೆ. ಉಳಿದರ್ಧ ಸ್ವಲ್ಪ ಜಗಳಗಂಟಿ: ಆ ಸಂಗೀತ ಯಾರ ಪಕ್ಷ ವಹಿಸಿದೆ?

ಮೊದಲನೆಯದರಿಂದ ಆರಂಭಿಸೋಣ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅವನ ದರ್ಬಾರನ್ನು ತೋರಿಸುವ ಸಿನಿಮಾಗಳಲ್ಲಿ, ನಾಟಕಗಳಲ್ಲಿ, ಧಾರಾವಾಹಿಗಳಲ್ಲಿ ಪಿಟೀಲು ಧಾರಾಳವಾಗಿ ಕೇಳಿಸುತ್ತದೆ. ಯುರೋಪಿನಲ್ಲಿಯೇ ಪಿಟೀಲು ತನ್ನ ಇಂದಿನ ರೂಪ ಪಡೆದದ್ದು 16ನೆಯ ಶತಮಾನದಲ್ಲಿ. ಅದು ಕರ್ನಾಟಕ ಸಂಗೀತದೊಳಗೆ ಬಂದದ್ದು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲಕ್ಕೆ, ಅಂದರೆ ಹಂಪಿ ಹಾಳಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹಾರ್ಮೋನಿಯಂ ಇನ್ನೂ ಈಚಿನದು. ಪ್ಯಾರಿಸ್ಸಿನ ಡೆಬೇನ್ ಅದಕ್ಕೆ ಪೇಟೆಂಟ್ ಪಡೆದದ್ದು 1842ರಲ್ಲಿ. ನಮ್ಮ 1834ರ ಕಿರುಚಿತ್ರದಲ್ಲಿ ಆಸ್ಥಾನ ಗಾಯಕನ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟರೆ ಅದು ಗಡಿಯಾರದ ಗೋಪುರದಷ್ಟೇ ತಪ್ಪು. ಪಿಟೀಲಿಗಾದರೆ ಆ ಹೊತ್ತಿಗೆ ದಕ್ಷಿಣದಲ್ಲಿ ಜಾಗ ಸಿಕ್ಕಿತ್ತು.

ಇಂತಹ ತಪ್ಪು ಹುಡುಕುವ ಆಟ ವಿದ್ಯಾರ್ಥಿಗಳಿಗೆ ಬಹಳ ಇಷ್ಟ. ಹೆಚ್ಚು ಹೊತ್ತು ಆಡಲು ಬಿಡಬಾರದು. ಯಾಕೆಂದರೆ ಸ್ವಲ್ಪ ಹಿಂದಕ್ಕೆ ಹೋದರೆ ‘ಸರಿಯಾದ’ ಸಂಗೀತ ಎಂಬುದೇ ಸಿಗುವುದಿಲ್ಲ. ಎಡಿಸನ್ ಫೋನೊಗ್ರಾಫ್ ಮಾಡಿದ್ದು 1877ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿ ಗ್ರಾಮಫೋನ್ ತಟ್ಟೆಗೆ ಇಳಿದದ್ದು 1902ರಲ್ಲಿ. ಅದಕ್ಕೆ ಮೊದಲಿನ ಭಾರತ ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ಉಳಿದಿರುವುದು ವರ್ಣನೆಗಳು, ಶಿಲ್ಪಗಳು, ಗ್ರಂಥಗಳು ಮತ್ತು ಬಾಯಿಂದ ಬಾಯಿಗೆ ಬಂದ ಹಾಡುಗಳು. ದನಿ ಉಳಿದಿಲ್ಲ. ಪ್ರಾಚೀನ ರೋಮಿನದೂ ಇದೇ ಕಥೆ. ಹಾಲಿವುಡ್ಡಿನ ರೋಮನ್ ಚಿತ್ರಗಳಿಗೆ ಸಂಗೀತ ಕೊಟ್ಟ ಮಿಕ್ಲೋಸ್ ರೋಜಾ 1951ರ ‘ಕ್ವೊ ವಾಡಿಸ್’ಗಾಗಿ ಪುಸ್ತಕಗಳನ್ನು ಜಾಲಾಡಿ, ಕಲ್ಲಿನ ಮೇಲೆ ಉಳಿದಿದ್ದ ಪ್ರಾಚೀನ ಗ್ರೀಕ್ ಹಾಡೊಂದರ ಸ್ವರಗಳನ್ನು ಬಳಸಿಕೊಂಡರು. ರೋಮಿನದೇ ಸ್ವರಲಿಪಿ ಸಿಗದಿದ್ದಾಗ ಅವರು ಮಾಡಬಹುದಾಗಿದ್ದದ್ದು ಅಷ್ಟೇ. ಅಂತಹ ಚಿತ್ರಗಳಲ್ಲಿ ಸೈನ್ಯ ನಡೆಯುವಾಗ ಮೊಳಗುವ ಕಹಳೆಗಳ ಸಾಲು ಇವತ್ತು ಲೋಕಕ್ಕೆಲ್ಲ ‘ರೋಮಿನ ಸದ್ದು’. ಅದನ್ನು ಹುಟ್ಟಿಸಿದ್ದು ಸ್ಟುಡಿಯೊ, ರೋಮ್ ಅಲ್ಲ.

ನಮ್ಮಲ್ಲಿ ಇದಕ್ಕೆ ಸೊಗಸಾದ ಉದಾಹರಣೆ 1960ರ ‘ಮೊಘಲ್-ಎ-ಆಜಂ’. ಅಕ್ಬರನ ಆಸ್ಥಾನದ ತಾನ್‌ಸೇನ್ ಹಾಡುವ ದೃಶ್ಯಕ್ಕೆ ಸಂಗೀತ ನಿರ್ದೇಶಕ ನೌಷಾದ್ ದನಿ ಕೊಡಿಸಿದ್ದು ಬಡೇ ಗುಲಾಮ್ ಅಲಿ ಖಾನರಿಂದ. ತಾನ್‌ಸೇನ್ ಧ್ರುಪದ ಎಂಬ ಹಳೆಯ ಗಾಯನ ಶೈಲಿಯ ಗಾಯಕ. ಖಾನ್ ಸಾಹೇಬರು ಪಟಿಯಾಲಾ ಘರಾನೆಯವರು, ಖಯಾಲ್ ಮತ್ತು ಠುಮ್ರಿ ಎಂಬ ಈಚಿನ ಶೈಲಿಗಳ ದೊರೆ. ಖಯಾಲ್ ದೆಹಲಿಯ ದರ್ಬಾರಿನಲ್ಲಿ ಮೆರೆಯತೊಡಗಿದ್ದು 18ನೆಯ ಶತಮಾನದಲ್ಲಿ, ಮುಹಮ್ಮದ್ ಶಾಹನ ಆಸ್ಥಾನದ ಸದಾರಂಗನ ಕಾಲದಲ್ಲಿ. ಲೆಕ್ಕ ಹಿಡಿದು ಕುಳಿತರೆ ಆ ಹಾಡು ಅಕ್ಬರನ ಕಾಲದಿಂದ ಬಹಳ ದೂರ. ಆದರೂ ನೋಡುವವರಿಗೆ ಕಿಂಚಿತ್ತೂ ಅನುಮಾನ ಬರುವುದಿಲ್ಲ, ಬರಲೂಬೇಕಾಗಿಲ್ಲ. 1960ರ ಪ್ರೇಕ್ಷಕನ ಪಾಲಿಗೆ ಭಾರತದ ಅತಿ ದೊಡ್ಡ ಗಾಯಕನ ದನಿಯೇ ತಾನ್‌ಸೇನನ ದನಿ. ಸ್ವಾತಂತ್ರ್ಯ ಬಂದು ಹದಿಮೂರು ವರ್ಷಗಳಾಗಿದ್ದ ದೇಶವೊಂದು ತನ್ನ ಹಳೆಯ ವೈಭವ ಹೀಗಿದ್ದಿರಬೇಕು ಎಂದು ಬಯಸಿದ ಬಗೆ ಅದು. ಆದ್ದರಿಂದ ಆ ದೃಶ್ಯ 16ನೆಯ ಶತಮಾನಕ್ಕೆ ದುರ್ಬಲ ಸಾಕ್ಷಿ, 1960ಕ್ಕೆ ಪ್ರಬಲ ಸಾಕ್ಷಿ. ಚರಿತ್ರೆಯ ವಿದ್ಯಾರ್ಥಿಗೆ ಎರಡೂ ಸಾಕ್ಷಿಗಳೇ.

ಇನ್ನು ಎರಡನೆಯ ಕಾಲ, ಸಂಗೀತ ತಯಾರಾದ ಕಾಲ. ವಿಚಿತ್ರವೆಂದರೆ ಅದು ಚಿತ್ರ ಬಿಡುಗಡೆಯಾದಾಗ ಯಾರಿಗೂ ಕೇಳಿಸುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆಯಬೇಕು. 1981ರ ‘ಚಾರಿಯಟ್ಸ್ ಆಫ್ ಫೈರ್’ 1924ರ ಪ್ಯಾರಿಸ್ ಒಲಿಂಪಿಕ್ಸಿನ ಓಟಗಾರರ ಕಥೆ. ವಾಂಗೆಲಿಸ್ ಅದಕ್ಕೆ ಸಿಂಥಸೈಜರಿನಲ್ಲಿ ಸಂಗೀತ ಕೊಟ್ಟರು, ಆಸ್ಕರ್ ಕೂಡ ಬಂತು. 1924ರಲ್ಲಿ ಅಂತಹ ವಾದ್ಯ ಯಾರ ಕನಸಿನಲ್ಲಿಯೂ ಇರಲಿಲ್ಲ. ಬೇಕೆಂದೇ ಮಾಡಿದ ಆಯ್ಕೆ ಅದು, ಹಳೆಯ ಓಟ ಹೊಚ್ಚ ಹೊಸದಾಗಿ ಕಾಣಲಿ ಎಂದು. ಇವತ್ತಿನ ವಿದ್ಯಾರ್ಥಿಗೆ ಅದನ್ನು ಕೇಳಿಸಿದರೆ ಅವನಿಗೆ ಹೊಳೆಯುವುದು 1924 ಅಲ್ಲ, ಎಂಬತ್ತರ ದಶಕ.

ಕೊಡಗಿನ ತರಗತಿಯಲ್ಲಿ ಇದನ್ನು ವಿವರಿಸಲು ‘ಮುತ್ತಿನಹಾರ’ ಸಾಕು. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಹಂಸಲೇಖ ಸಂಗೀತ, 1990. ಕೊಡವ ಸೈನಿಕನೊಬ್ಬನ ದಶಕಗಳ ಬದುಕು. ‘ಮಡಿಕೇರಿ ಸಿಪಾಯಿ’ ಎಂದರೆ ಈ ಜಿಲ್ಲೆಯಲ್ಲಿ ತಲೆ ಎತ್ತದವರು ಯಾರೂ ಇಲ್ಲ, ಆದ್ದರಿಂದ ಚರ್ಚೆಗೆ ಕಾವು ತಾನಾಗಿಯೇ ಬರುತ್ತದೆ. ಆ ಹಾಡನ್ನು ಚಿತ್ರವಿಲ್ಲದೆ, ಬರೀ ಧ್ವನಿಯಾಗಿ ಕೇಳಿಸಿ, ವಾದ್ಯಗಳನ್ನು ಒಂದೊಂದಾಗಿ ಹೆಸರಿಸಲು ಹೇಳಬೇಕು. ಯಾವುದು ಸೈನಿಕನ ಕಾಲದ್ದು, ಯಾವುದು ಧ್ವನಿಮುದ್ರಣ ಸ್ಟುಡಿಯೊದ್ದು? ಅದೇ ಚಿತ್ರದಲ್ಲಿ ಬಾಲಮುರಳಿಕೃಷ್ಣ ಹಾಡಿದ ‘ದೇವರು ಹೊಸೆದ ಪ್ರೇಮದ ದಾರ’ವನ್ನು ಅದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಹಾಡು ನಿಮ್ಮನ್ನು ಒಂದು ಊರಿಗೆ ಕರೆದೊಯ್ಯುತ್ತದೆ. ಇನ್ನೊಂದಕ್ಕೆ ಊರಿನ ಹಂಗೂ ಇಲ್ಲ, ಇಸವಿಯ ಹಂಗೂ ಇಲ್ಲ, ಒಂದಿಡೀ ಆಯುಷ್ಯವನ್ನು ಒಂದೇ ಉಸಿರಿನಲ್ಲಿ ಹಿಡಿಯುವುದೇ ಅದರ ಕೆಲಸ.

ಸಂಗೀತವಷ್ಟೇ ಅಲ್ಲ, ಧ್ವನಿಮುದ್ರಣದ ಮೈಗುಣವೂ ಇಸವಿಯನ್ನು ಹೇಳುತ್ತದೆ. ಗ್ರಾಮಫೋನ್ ತಟ್ಟೆಯ ಗರಗರ ಸದ್ದು ಬಂದರೆ ಸ್ವಾತಂತ್ರ್ಯಪೂರ್ವ, ಟ್ರಾನ್ಸಿಸ್ಟರಿನ ಕಿರಿದಾದ ದನಿ ಬಂದರೆ ಅರವತ್ತು ಎಪ್ಪತ್ತರ ದಶಕ ಎಂದು ನಾವು ಒಪ್ಪಂದ ಮಾಡಿಕೊಂಡಂತಿದೆ. ಆಕಾಶವಾಣಿಯ ಆರಂಭದ ರಾಗ ಎರಡು ಸೆಕೆಂಡು ಕೇಳಿದರೆ ಸಾಕು, ಐವತ್ತು ದಾಟಿದವರ ಮುಖದಲ್ಲಿ ಬೆಳಗಿನ ಜಾವ ಮೂಡುತ್ತದೆ. ಆ ರಾಗವನ್ನು ಸಂಯೋಜಿಸಿದ್ದು ಯುರೋಪಿನಿಂದ ನಿರಾಶ್ರಿತನಾಗಿ ಬಂದು ಮುಂಬಯಿಯಲ್ಲಿ ನೆಲೆಸಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್. ನಮ್ಮ ಅತಿ ಸ್ವದೇಶಿ ನೆನಪೊಂದರ ಹಿಂದೆ ಯುರೋಪಿನ ಯಹೂದಿ ದ್ವೇಷದ ಚರಿತ್ರೆ ಇದೆ. ಇದನ್ನು ತರಗತಿಯಲ್ಲಿ ಹೇಳದೆ ಬಿಡುವ ಮೇಷ್ಟರಿಗೆ ನನ್ನ ಕನಿಕರ.

ಮೂರನೆಯ ಕಾಲವನ್ನು ವಿವರಿಸುವುದು ಕಷ್ಟ, ಅನುಭವಕ್ಕೆ ತರುವುದು ಬಹಳ ಸುಲಭ. ನಮ್ಮ ಹಳೆಯ ಸಿನಿಮಾಗಳಲ್ಲಿ ಓಡುವ ಹುಡುಗನ ಕಾಲುಗಳು ಓಡುತ್ತೋಡುತ್ತ ನಾಯಕನ ಕಾಲುಗಳಾಗುತ್ತವಲ್ಲ, ಆ ಶಾಟನ್ನು ಧ್ವನಿ ಮುಚ್ಚಿ ತೋರಿಸಿ. ನಗು ಬರುತ್ತದೆ. ಎರಡು ಬೇರೆ ಬೇರೆ ಮನುಷ್ಯರ ಕಾಲುಗಳು ಅಷ್ಟೇ. ಈಗ ಧ್ವನಿ ಬಿಟ್ಟು ತೋರಿಸಿ. ತಾಳ ಎಲ್ಲಿಯೂ ಮುರಿಯದೆ, ರಾಗದ ಸಾಲು ಕತ್ತರಿಯ ಮೇಲೆ ಹಾದುಹೋಗಿ ಆಚೆ ಬದಿ ತಲಪುತ್ತದೆ. ಹದಿನೈದು ವರ್ಷ ಕಳೆಯಿತು ಎಂಬುದನ್ನು ಚಿತ್ರ ಹೇಳುತ್ತದೆ, ಮನುಷ್ಯ ಅವನೇ ಎಂಬುದನ್ನು ಸಂಗೀತ ಹೇಳುತ್ತದೆ. ಚಿತ್ರ ತುಂಡಾದಲ್ಲಿ ಸಂಗೀತ ತುಂಡಾಗದಿದ್ದರೆ ಕಾಲ ಹರಿಯುತ್ತದೆ, ಸಂಗೀತವೂ ತುಂಡಾದರೆ ಕಾಲ ಜಿಗಿಯುತ್ತದೆ. ಈ ಒಂದು ಸೂತ್ರವನ್ನು ಹಿಡಿದುಕೊಂಡು ವಿದ್ಯಾರ್ಥಿಗಳು ಬೇಕಾದ ಸಿನಿಮಾ ನೋಡಬಹುದು.

ಕಾಲವನ್ನು ಬಿಗಿಯುವ ಕಲೆಯೂ ಇದೆ. 1952ರ ‘ಹೈ ನೂನ್’ನಲ್ಲಿ ಮಧ್ಯಾಹ್ನದ ರೈಲಿನಲ್ಲಿ ಬರಲಿರುವ ಕೊಲೆಗಡುಕನಿಗಾಗಿ ಊರು ಕಾಯುತ್ತದೆ. ಕಥೆಯ ಗಂಟೆಗೂ ಚಿತ್ರಮಂದಿರದ ಗಂಟೆಗೂ ಹೆಚ್ಚು ವ್ಯತ್ಯಾಸವಿಲ್ಲ. ಗೋಡೆ ಗಡಿಯಾರ ಮತ್ತೆ ಮತ್ತೆ ತೆರೆಯ ಮೇಲೆ ಬರುತ್ತದೆ. ಹನ್ನೆರಡು ಹತ್ತಿರವಾದಂತೆ ಡಿಮಿಟ್ರಿ ಟಿಯೊಮ್ಕಿನ್ನರ ಸಂಗೀತ ಲೋಲಕದ ಹೊಡೆತಕ್ಕೆ ಕೂಡಿಕೊಳ್ಳುತ್ತದೆ. 2017ರ ‘ಡನ್‌ಕರ್ಕ್’ ಇದನ್ನೇ ಇನ್ನೂ ಜಟಿಲವಾಗಿ ಮಾಡಿತು. 1940ರ ಆ ಸೇನಾ ತೆರವಿನಲ್ಲಿ ದಡದ ಕಥೆ ಒಂದು ವಾರದ್ದು, ಸಮುದ್ರದ್ದು ಒಂದು ದಿನದ್ದು, ಆಕಾಶದ್ದು ಒಂದು ಗಂಟೆಯದು. ಮೂರನ್ನೂ ಹೆಣೆದು ಒಟ್ಟಿಗೆ ತೋರಿಸಲಾಗಿದೆ. ಅವನ್ನು ಒಂದು ನೂಲಿನಲ್ಲಿ ಕಟ್ಟಿದ್ದು ಹಾನ್ಸ್ ಜಿಮ್ಮರ್ ಸಂಗೀತ. ನಿರ್ದೇಶಕ ನೋಲನ್ ತಮ್ಮದೇ ಕೈಗಡಿಯಾರದ ಟಿಕ್ ಟಿಕ್ ಧ್ವನಿಮುದ್ರಿಸಿ ಕೊಟ್ಟಿದ್ದರು. ಜೊತೆಗೆ ಏರುತ್ತಲೇ ಇದೆ ಎಂದು ಕಿವಿಗೆ ಭ್ರಮೆ ಹುಟ್ಟಿಸುವ ‘ಶೆಪರ್ಡ್ ಸ್ವರ’ವನ್ನು ಬಳಸಲಾಯಿತು. ಕೆಳಗಿನ ಸ್ಥಾಯಿಯ ಸ್ವರ ಮೆಲ್ಲಗೆ ಕೇಳಿಸತೊಡಗುವಾಗ ಮೇಲಿನ ಸ್ಥಾಯಿಯದು ಮೆಲ್ಲಗೆ ಕರಗುತ್ತದೆ. ಹಾಗಾಗಿ ಏರಿಕೆಗೆ ಕೊನೆಯೇ ಇಲ್ಲದಂತೆ ಅನಿಸುತ್ತದೆ. ಕೊನೆಯಲ್ಲಿ ಬರುವುದು ಇಂಗ್ಲಿಷ್ ಸಂಯೋಜಕ ಎಲ್ಗಾರ್ 1899ರಲ್ಲಿ ಬರೆದ ರಾಗ, ಗುರುತೇ ಸಿಗದಷ್ಟು ಎಳೆದು ನಿಧಾನಗೊಳಿಸಿದ್ದು. ಇಂಗ್ಲಿಷರಿಗೆ ಆ ರಾಗವೆಂದರೆ ಸ್ಮಾರಕ ದಿನದ ಗಾಂಭೀರ್ಯ. ಸೋತು ಮರಳುವ ಸೈನ್ಯಕ್ಕೆ ಗೆದ್ದವರ ಗೌರವ ಸಿಗುವುದು ಅಲ್ಲಿ, ಮಾತಿಲ್ಲದೆ.

ಅದೇ ಜೋಡಿಯ ‘ಇಂಟರ್‌ಸ್ಟೆಲ್ಲರ್’ (2014) ಗಣಿತದ ಅಧ್ಯಾಪಕರನ್ನೂ ತರಗತಿಗೆ ಕರೆತರುತ್ತದೆ. ಅಲ್ಲಿನ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಆ ದೃಶ್ಯದ ಹಿನ್ನೆಲೆಯಲ್ಲಿ ಸುಮಾರು ಒಂದೂಕಾಲು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಪ್ರತಿ ಟಿಕ್ ಎಂದರೆ ಭೂಮಿಯ ಒಂದು ದಿನ ಎಂಬ ಮಾತು ಅಭಿಮಾನಿಗಳಲ್ಲಿ ಪ್ರಚಲಿತ. ಲೆಕ್ಕ ಹಾಕಿ ನೋಡಲು ಹೇಳಿ. 3,600 ಸೆಕೆಂಡುಗಳನ್ನು 1.25ರಿಂದ ಭಾಗಿಸಿದರೆ 2,880 ಟಿಕ್. ಏಳು ವರ್ಷವೆಂದರೆ ಸುಮಾರು 2,557 ದಿನ. ಹಾಗಾದರೆ 2,880 ದಿನ ಎಂಟು ವರ್ಷಕ್ಕೆ ಹತ್ತಿರ. ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪ್ರೇಕ್ಷಕನಿಗೆ ಭಾಗಾಕಾರ ಬೇಕಾಗಿಲ್ಲ, ಏನೋ ಸೋರಿಹೋಗುತ್ತಿದೆ ಎಂಬ ದಿಗಿಲು ಬೇಕು, ಅದು ಸಿಗುತ್ತದೆ.

ಭವಿಷ್ಯವನ್ನು ತೋರಿಸಲೂ ಹಳೆಯ ಸಂಗೀತ ಬೇಕಾಗುತ್ತದೆ ಎಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1968ರಲ್ಲಿ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಬಾಹ್ಯಾಕಾಶ ನೌಕೆಗಳನ್ನು ತೇಲಿಸಿದ್ದು 1867ರ ವಿಯೆನ್ನಾದ ವಾಲ್ಟ್ಸ್ ನೃತ್ಯದ ಸಂಗೀತಕ್ಕೆ. ಏಳು ವರ್ಷದ ನಂತರ 18ನೆಯ ಶತಮಾನದ ಕಥೆಯಾದ ‘ಬ್ಯಾರಿ ಲಿಂಡನ್’ನಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿಯೇ ಚಿತ್ರೀಕರಿಸುವಷ್ಟು ಹಟ ಹಿಡಿದ ಅದೇ ಮನುಷ್ಯ, ಪ್ರಣಯದ ದೃಶ್ಯಕ್ಕೆ ಮಾತ್ರ 1827ರ ಶೂಬರ್ಟನ ರಚನೆಯನ್ನು ಬಳಸಿದ. ದೀಪದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು, ಸಂಗೀತದ ವಿಷಯದಲ್ಲಿ ಅರ್ಧ ಶತಮಾನದ ಸಡಿಲ. ಗೊತ್ತಿದ್ದೂ ಮಾಡಿದ ಆಯ್ಕೆಗೂ ಗೊತ್ತಿಲ್ಲದೆ ಅಂಟಿಸಿದ ಟ್ರ್ಯಾಕಿಗೂ ಇರುವ ಅಂತರ ವಿದ್ಯಾರ್ಥಿಗಳಿಗೆ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಹೊರಗಿನ ಉದಾಹರಣೆ ಸಾಕು. ನಮ್ಮ ವಿದ್ಯಾರ್ಥಿಗಳಿಗೆ ಹಿನ್ನೆಲೆ ಸಂಗೀತದ ಪರಿಚಯ ಆಗುವುದು ಚಿತ್ರಮಂದಿರಕ್ಕಿಂತ ಮೊದಲು ಮಡಿಕೇರಿ ದಸರೆಯಲ್ಲಿ. ವಿಜಯದಶಮಿಯ ರಾತ್ರಿ ದಶಮಂಟಪಗಳು ಹೊರಡುತ್ತವೆ. ದೇವರು ಅಸುರನನ್ನು ಕೊಲ್ಲುವ ಕಥೆ ಚಲಿಸುವ ಮೂರ್ತಿಗಳಲ್ಲಿ, ಬೆಳಕಿನಲ್ಲಿ, ಹೊಗೆಯಲ್ಲಿ, ಮೊದಲೇ ಸಿದ್ಧಪಡಿಸಿದ ಧ್ವನಿಯಲ್ಲಿ ನಡೆಯುತ್ತದೆ. ಆ ಧ್ವನಿಯೇ ರೀರೆಕಾರ್ಡಿಂಗಿನ, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವುದರ, ಪೂರ್ತಿ ಪಾಠ. ಅಸುರ ಎದ್ದಾಗ ಕೆಳಸ್ಥಾಯಿಯ ಗುಡುಗು, ದೇವಿ ಬಂದಾಗ ಶಂಖ ಮತ್ತು ಶ್ಲೋಕ, ಆಯುಧ ಬೀಸಿದಾಗ ಸಿನಿಮಾದ ಸೀಳುಸದ್ದು. ಪುರಾಣಕ್ಕೆ ಇಸವಿ ಇಲ್ಲ, ಆದ್ದರಿಂದ ಅಲ್ಲಿ ಯಾವ ವಾದ್ಯವೂ ತಪ್ಪಲ್ಲ. ತೊಂದರೆ ಬರುವುದು ಅದೇ ಸದ್ದನ್ನು 1834ಕ್ಕೆ ತಂದಾಗ. ಆಗ ರಾಜ ಅಸುರನೋ ದೇವರೋ ಆಗಿಬಿಡುತ್ತಾನೆ, ಇಸವಿ ಇರುವ ಮನುಷ್ಯನಾಗಿ ಉಳಿಯುವುದಿಲ್ಲ. ಈಚಿನ ದೊಡ್ಡ ಬಜೆಟ್ಟಿನ ಐತಿಹಾಸಿಕ ಚಿತ್ರಗಳನ್ನು ಕೇಳಿ ನೋಡಿ: ಚೋಳರೋ ಮರಾಠರೋ ರಜಪೂತರೋ, ಕಣ್ಣು ಮುಚ್ಚಿದರೆ ಎಲ್ಲರೂ ಒಂದೇ ಊರಿನವರು.

ಈಗ ಆ 1834ಕ್ಕೆ ಬರೋಣ. ಆ ವರ್ಷದ ಏಪ್ರಿಲ್‌ನಲ್ಲಿ ಕಂಪನಿಯ ಪಡೆ ಮಡಿಕೇರಿಗೆ ಬಂತು. ದೊರೆ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಮುಂದೆ ಕಾಶಿಗೆ, ಕೊನೆಗೆ ಲಂಡನ್ನಿಗೆ ಹೋದ. ಮೇ ತಿಂಗಳಲ್ಲಿ ಕಂಪನಿಯ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕಂಪನಿಯ ಆಳ್ವಿಕೆಗೆ ಸೇರುವುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆ ಎಂಬ ಮಾತಿದೆ. ಮೂರು ವರ್ಷದಲ್ಲಿ, 1837ರಲ್ಲಿ, ಕಂಪನಿಯ ವಿರುದ್ಧ ಅಮರ ಸುಳ್ಯದ ದಂಗೆ ಎದ್ದಿತು. ಅದರ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಈ ಎರಡು ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ‘ಒಮ್ಮತ’ ಎಂಬ ಪದ ತಾನಾಗಿಯೇ ಅಲುಗಾಡತೊಡಗುತ್ತದೆ.

ಅಭ್ಯಾಸ ಹೀಗೆ. ಮೊಬೈಲಿನಲ್ಲಿ ಒಂದೇ ಒಂದು ಶಾಟ್: ಕೋಟೆಯ ಬಾಗಿಲಿನಿಂದ ಒಬ್ಬ ಹೊರಗೆ ನಡೆದುಹೋಗುತ್ತಾನೆ, ಬೆನ್ನು ಮಾತ್ರ ಕಾಣುತ್ತದೆ, ನಲವತ್ತು ಸೆಕೆಂಡು. ನಾಲ್ಕು ಗುಂಪುಗಳಿಗೂ ಅದೇ ಶಾಟ್. ಸಂಗೀತ ಮಾತ್ರ ಅವರವರದು. ಒಂದು ಗುಂಪು ಕೆಳಸ್ಥಾಯಿಯ ಚೆಲ್ಲೊ ಎಳೆಯಿತು ಎನ್ನಿ, ಹೊರಟವನು ಕ್ರೂರಿ, ತೊಲಗಿದ್ದು ಒಳ್ಳೆಯದಾಯಿತು. ಇನ್ನೊಂದು ಗುಂಪು ಒಂಟಿ ಕೊಳಲನ್ನು ಇಟ್ಟಿತು, ಅವನೇ ವಂಚಿತ. ಪಡೆಯ ಡ್ರಮ್ಮು ಮತ್ತು ಕವಾಯತಿನ ಲಯ ಇಟ್ಟರೆ ನಾವು ಕಂಪನಿಯ ಅಧಿಕಾರಿಯ ಕುದುರೆಯ ಮೇಲೆ ಕುಳಿತು ನೋಡುತ್ತಿದ್ದೇವೆ. ಸಂಗೀತವೇ ಬೇಡ, ಮಳೆಯ ಸದ್ದು ಸಾಕು ಎಂದ ಗುಂಪು ತೀರ್ಪು ಕೊಡಲು ಒಲ್ಲೆ ಎನ್ನುತ್ತಿದೆ. ಅದೂ ಒಂದು ನಿಲುವೇ, ಕೆಲವೊಮ್ಮೆ ಜಾಣ ನಿಲುವು. ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಬೇಕಾಗುತ್ತದೆ: “ಸರ್, ಏಪ್ರಿಲ್‌ನಲ್ಲಿ ಮಳೆ ಹಾಕಬಹುದೇ?” ಕೊಡಗಿನಲ್ಲಿ ಏಪ್ರಿಲ್‌ನ ಮಳೆ ಕಾಫಿ ಹೂವಿನ ಮಳೆ, ಬಂದರೂ ಬಂದೀತು. ಆದರೆ ಗುಂಪು ಹಾಕಿದ್ದ ಸದ್ದು ಜುಲೈ ತಿಂಗಳ ಜಡಿಮಳೆಯದು. ಸದ್ದಿನಲ್ಲಿ ತಿಂಗಳನ್ನು ಗುರುತಿಸುವ ಕಿವಿ ಇಲ್ಲಿನ ಮಕ್ಕಳಿಗೆ ಹುಟ್ಟಿನಿಂದಲೇ ಇದೆ. ಇಸವಿಯನ್ನು ಗುರುತಿಸುವುದನ್ನಷ್ಟೇ ಕಲಿಸಬೇಕು.

ನಾಲ್ಕೂ ಆವೃತ್ತಿಗಳನ್ನು ನೋಡಿದ ಮೇಲೆ ಸತ್ಯಜಿತ್ ರಾಯ್ ಅವರ 1977ರ ‘ಶತರಂಜ್ ಕೆ ಖಿಲಾಡಿ’ಯ ಕೆಲವು ದೃಶ್ಯಗಳನ್ನು ತೋರಿಸಬೇಕು. ಮೊದಲೇ ತೋರಿಸಿದರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. 1856ರಲ್ಲಿ ಕಂಪನಿ ಅವಧ್ ರಾಜ್ಯವನ್ನು ನುಂಗಿದ ಕಥೆ ಅದು. ನವಾಬ ವಾಜಿದ್ ಅಲಿ ಶಾಹ ಹಾಡು ಕಟ್ಟುವವನು, ಕಥಕ್ ಬಲ್ಲವನು. ಬ್ರಿಟಿಷ್ ಅಧಿಕಾರಿ ಅವನ ಕವಿತೆ, ಕುಣಿತಗಳ ಬಗ್ಗೆ ಕೈಕೆಳಗಿನವನನ್ನು ವಿಚಾರಿಸುವ ದೃಶ್ಯವೊಂದಿದೆ. ಅಲ್ಲಿ ಸಂಗೀತವೇ ಆರೋಪಪಟ್ಟಿಗೆ ಸೇರುತ್ತದೆ: ಹಾಡುವ ದೊರೆ ಆಳಲು ಯೋಗ್ಯನೇ? ಇದಕ್ಕೆ ಉತ್ತರವಾಗಿ ರಾಯ್ ಹಿನ್ನೆಲೆಯಲ್ಲಿ ಏನನ್ನೂ ಮೊಳಗಿಸುವುದಿಲ್ಲ. ಬಿರ್ಜು ಮಹಾರಾಜರು ಸಂಯೋಜಿಸಿದ ನೃತ್ಯವನ್ನು ಕಥೆಯೊಳಗೇ ಇಟ್ಟು, ಅವಸರವಿಲ್ಲದೆ, ಪೂರ್ತಿ ನೋಡಲು ಬಿಡುತ್ತಾರೆ. ಕಥೆಯೊಳಗಿನ ಪಾತ್ರಗಳಿಗೂ ಕೇಳಿಸುವ ಸಂಗೀತ ಸಾಕ್ಷ್ಯದ ಹಾಗೆ ಕೆಲಸ ಮಾಡುತ್ತದೆ, ಪ್ರೇಕ್ಷಕನಿಗೆ ಮಾತ್ರ ಕೇಳಿಸುವ ಸಂಗೀತ ವಕೀಲನ ವಾದದ ಹಾಗೆ. ಅವಧ್‌ಗೂ ಕೊಡಗಿಗೂ ನಡುವೆ ಇಪ್ಪತ್ತೆರಡು ವರ್ಷ. ಆರೋಪದ ಬಗೆ ಬೇರೆ, ಒಬ್ಬನಿಗೆ ವಿಲಾಸಿ ಎಂದು, ಇನ್ನೊಬ್ಬನಿಗೆ ಕ್ರೂರಿ ಎಂದು. ಸ್ವಾಧೀನದ ಕಾಗದದಲ್ಲಿ ಪ್ರಜೆಗಳ ಹಿತದ ಮಾತು ಮಾತ್ರ ಎರಡೂ ಕಡೆ ಇತ್ತು.

ಇಷ್ಟೆಲ್ಲ ಆದ ಮೇಲೆ ವಿದ್ಯಾರ್ಥಿಗಳು ಹೇಳುವುದು ಸಾಮಾನ್ಯವಾಗಿ ಒಂದೇ: “ಹಾಗಾದರೆ ದುಡಿ ಮತ್ತು ಕೊಂಬು ಹಾಕೋಣ, ಅದು ನಮ್ಮದು, ಹಳೆಯದು.” ನಾನು ತಡೆಯುವುದು ಇಲ್ಲಿಯೇ. ನಮ್ಮದು ನಿಜ. ಹಳೆಯದು ಎಂಬುದರಲ್ಲಿ ಅರ್ಧ ಮಾತ್ರ ನಿಜ. ದುಡಿ ಎಂಬ ಪುಟ್ಟ ಡೋಲು ಹಿಡಿದು ಇಬ್ಬಿಬ್ಬರಂತೆ ಸಾಲು ಹಂಚಿಕೊಂಡು ಹಾಡುವ ‘ಬಾಳೊ’ ಹಾಡುಗಳು ಮದುವೆಯಲ್ಲಿವೆ, ಹಬ್ಬದಲ್ಲಿವೆ, ಸಾವಿನಲ್ಲಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಅವುಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದು 1924ರಲ್ಲಿ. ಅಚ್ಚು ಸಾಲುಗಳನ್ನು ಹಿಡಿದಿಡುತ್ತದೆ, ದನಿಯ ಎಳೆತವೂ ದುಡಿಯ ಎರಡು ಪೆಟ್ಟುಗಳ ನಡುವಿನ ಬಿಡುವೂ ಹಾಡುವವರಲ್ಲಿಯೇ ಇರುತ್ತವೆ. ಹೋದ ವರ್ಷದ ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ನೀವು ಕೇಳಿದ ದುಡಿ ಹೋದ ವರ್ಷದ್ದೇ. ಅದನ್ನು 1834ರ ಗುರುತಾಗಿ ಬಳಸಿದರೆ, ಜೀವಂತವಾಗಿರುವ ಒಂದು ಸಂಗೀತವನ್ನು ಗಾಜಿನ ಪೆಟ್ಟಿಗೆಗೆ ತುಂಬಿದ ಹಾಗೆ. ಹೊರಗಿನ ಸಿನಿಮಾದವರು ಇದನ್ನು ಸದಾ ಮಾಡುತ್ತಾರೆ, ಕೊಂಬು ಊದಿದರೆಂದರೆ ಯುದ್ಧ ಅಥವಾ ಕಾಡು. ಒಬ್ಬ ಹುಡುಗ ಇದನ್ನು ಕೇಳಿ ಮುಖ ಗಂಟಿಕ್ಕಿದ: “ನಮ್ಮ ಅಕ್ಕನ ಮದುವೆಗೂ ಊದಿದರಲ್ಲ ಸರ್, ಯಾರೂ ಯುದ್ಧಕ್ಕೆ ಹೋಗಲಿಲ್ಲ.”

ಇದರ ಹಿಂದೆ ಕಾಲದ ಬಗೆಗೇ ಇನ್ನೊಂದು ತಿಳಿವಳಿಕೆ ಇದೆ. ಸಿನಿಮಾದ ಚರಿತ್ರೆ ನೇರ ಗೆರೆ, ಒಂದು ಇಸವಿಯಿಂದ ಇನ್ನೊಂದಕ್ಕೆ. ಹಬ್ಬದ ಸಂಗೀತ ಸುತ್ತು. ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಪುತ್ತರಿಯ ಮುಹೂರ್ತ ನಿಗದಿಯಾಗುತ್ತದೆ, ಆ ಹೊತ್ತಿಗೆ ಗುಂಡು ಹಾರುತ್ತದೆ, ಕದಿರು ಕೊಯ್ಯುತ್ತಾರೆ, ‘ಪೊಲಿ ಪೊಲಿ ದೇವಾ’ ಎಂಬ ಕೂಗು ಏಳುತ್ತದೆ. ಆ ಕೂಗಿಗೆ ಇಸವಿಯ ಗುರುತಿಲ್ಲ, ತಿಂಗಳಿನ ಗುರುತಿದೆ. ಅದನ್ನು ಸಿನಿಮಾದಲ್ಲಿ ಬಳಸಿದರೆ ಅದು ‘ಮತ್ತೆ ಬಂತು’ ಎನ್ನುತ್ತದೆ, ‘ಅಂದು ನಡೆಯಿತು’ ಎನ್ನುವುದಿಲ್ಲ. ದೊರೆ ಹೋದ ವರ್ಷವೂ ಭತ್ತ ಕೊಯ್ಲಿಗೆ ಬಂದಿತ್ತು ಎಂದು ಹೇಳಬೇಕಾದ ನಿರ್ದೇಶಕನಿಗೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ದೊರೆಯ ದುಃಖವನ್ನು ತೋರಿಸಬೇಕಾದವನಿಗೆ ಅದು ನಿರುಪಯೋಗಿ.

ಕಲಿಸುವವರಿಗೆ ಕೆಲವು ವ್ಯಾವಹಾರಿಕ ಮಾತು. ದುಬಾರಿ ಉಪಕರಣ ಬೇಡ, ಒಂದು ಮೊಬೈಲು ಮತ್ತು ಪರವಾಗಿಲ್ಲ ಎನ್ನುವಂತಹ ಒಂದು ಸ್ಪೀಕರ್ ಸಾಕು, ಲ್ಯಾಪ್‌ಟಾಪಿನ ಒಳಗಿನ ಸ್ಪೀಕರಿನಲ್ಲಿ ಕೆಳಸ್ಥಾಯಿ ಕೇಳಿಸುವುದೇ ಇಲ್ಲ. ಪ್ರತಿ ದೃಶ್ಯವನ್ನೂ ಮೊದಲು ಚಿತ್ರವಿಲ್ಲದೆ ಕೇಳಿಸಬೇಕು, ಆಮೇಲೆ ಧ್ವನಿಯಿಲ್ಲದೆ ತೋರಿಸಬೇಕು, ಕೊನೆಯಲ್ಲಿ ಎರಡೂ ಕೂಡಿಸಿ. ಈ ಕ್ರಮ ತಪ್ಪಿದರೆ ಕಣ್ಣು ಕಿವಿಯನ್ನು ಮಂಕು ಮಾಡಿಬಿಡುತ್ತದೆ. ಹಿರಿಯರು ಹಾಡಿದ್ದನ್ನು ಧ್ವನಿಮುದ್ರಿಸುವುದಿದ್ದರೆ ಅನುಮತಿ ಕೇಳಿ, ಎಲ್ಲಿ ಬಳಸುತ್ತೇವೆ ಎಂದು ಹೇಳಿ, ಹೆಸರು ಹಾಕಬೇಕೇ ಬೇಡವೇ ಎಂದೂ ಕೇಳಬೇಕು. ಸಾವಿನ ಹಾಡನ್ನು ಮದುವೆಯ ದೃಶ್ಯಕ್ಕೆ ಅಂಟಿಸಿದ ಕಿರುಚಿತ್ರವೊಂದನ್ನು ನೋಡಿದ್ದೇನೆ, ಹಾಡಿದವರ ಮನೆಯವರು ಅದನ್ನು ನೋಡುವಾಗ ಏನಾಗಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಅಂಕ ಕೊಡುವುದು ಹೇಗೆ ಎಂಬ ಪ್ರಶ್ನೆಯೂ ಬರುತ್ತದೆ. ನಾನು ಸಂಗೀತ ಎಷ್ಟು ಚೆನ್ನಾಗಿದೆ ಎಂದು ನೋಡುವುದಿಲ್ಲ. ಟ್ರ್ಯಾಕಿನ ಜೊತೆಗೆ ಒಂದು ಪುಟ ಬರೆದು ತರಬೇಕು: ಬಳಸಿದ ಪ್ರತಿ ವಾದ್ಯ ಆ ಇಸವಿಯಲ್ಲಿ ಇಲ್ಲಿ ಇದ್ದಿರಬಹುದೇ, ಇರದಿದ್ದರೆ ಯಾಕೆ ಬಳಸಿದಿರಿ, ಯಾರ ಕಡೆಯಿಂದ ಕೇಳುತ್ತಿದ್ದೇವೆ. ಎಪಿಕ್ ಡೋಲನ್ನೇ ಬಳಸಿ, ಅದಕ್ಕೆ ಮೂರು ಒಳ್ಳೆಯ ಕಾರಣ ಬರೆದು ತಂದವರಿಗೂ ಪೂರ್ತಿ ಅಂಕ ಸಿಕ್ಕಿದೆ. ‘ಚೆನ್ನಾಗಿ ಕೇಳಿಸಿತು, ಅದಕ್ಕೆ’ ಎಂದು ಬರೆದವರಿಗೆ ಪುಟ ವಾಪಸ್ಸು.